ರಿವರ್ಸ್ ಬರಲ್ಲ ಅಂದವರ ಮುಂದೆ

‘ರಿವರ್ಸ್’ ಎಂಬ ಪದಕ್ಕೆ ಅರ್ಥ ಬೇಕಾದವರು ನನ್ನನ್ನು ಕೇಳಬೇಕು. ಹೀಗೆ ಹೇಳಿದರೆ ಜಂಬ ಅನ್ನುತ್ತೀರಿ. ಜಂಬವೇ, ಇಟ್ಟುಕೊಳ್ಳಿ. ನಿಘಂಟಿನಲ್ಲಿ ಹಿಮ್ಮುಖ, ವಿರುದ್ಧ, ತಿರುವುಮುರುವು ಎಂದೆಲ್ಲ ಬರೆದಿದ್ದಾರೆ. ನಾನೂ ಪಿಯುಸಿ ಓದಿದವಳು, ನೋಡಿದ್ದೇನೆ. ಆದರೆ ಕಡೂರು ಸೀಮೆಯ ನಮ್ಮ ಊರಿನಲ್ಲಿ ಯಾರೂ ಹಿಮ್ಮುಖ ಎಂದದ್ದನ್ನು ಈ ಕಿವಿ ಕೇಳಿಲ್ಲ. ಎಲ್ಲರೂ ಹೇಳುವುದು ರಿವರ್ಸು.

ಲೈನ್‌ಮನ್ ಬಂದು ಟ್ರಾನ್ಸ್‌ಫಾರ್ಮರ್ ರಿಪೇರಿ ಮಾಡಿ ಹೋದ ಮೇಲೆ ಬೋರ್‌ವೆಲ್ಲಿನ ಮೋಟ್ರು ಗುಂಯ್‌ಗುಡುತ್ತದೆ, ಪೈಪಿನಲ್ಲಿ ನೀರು ಮಾತ್ರ ಬರುವುದಿಲ್ಲ. ಆಗ ನಮ್ಮವರು ತಲೆ ಕೆಡಿಸಿಕೊಳ್ಳುವುದಿಲ್ಲ. ‘ರಿವರ್ಸ್ ತಿರುಗ್ತಾ ಐತೆ, ಎರಡು ವೈರು ಅದಲುಬದಲು ಮಾಡು’ ಅನ್ನುತ್ತಾರೆ. ಹಸು ಈಯುವಾಗ ಕರುವಿನ ಹಿಂಗಾಲು ಮೊದಲು ಕಾಣಿಸಿಕೊಂಡರೆ ‘ಕರ ರಿವರ್ಸ್ ಐತೆ ಕಣ್ರೀ’ ಎಂದು ಡಾಕ್ಟರಿಗೆ ಫೋನು ಹೋಗುತ್ತದೆ. ಮದುವೆ ಮನೆಯಲ್ಲಿ ತಿಂದದ್ದು ಒಗ್ಗದಿದ್ದರೆ ಅದು ರಿವರ್ಸ್ ಬರುತ್ತದೆ. ನಿನ್ನೆ ಹೂಂ ಅಂದ ಹೆಣ್ಣಿನ ಕಡೆಯವರು ಇವತ್ತು ಊಹೂಂ ಅಂದರೆ ಅವರು ರಿವರ್ಸ್ ಹೊಡೆದರು. ಪಂಚಾಯ್ತಿ ಮೆಂಬರು ರಿವರ್ಸ್ ಹೊಡೆಯುವುದಂತೂ ಸುದ್ದಿಯೇ ಅಲ್ಲ. ನಮ್ಮತ್ತೆಯ ಬಾಯಲ್ಲಿ ನಾನೇ ಒಂದು ರಿವರ್ಸ್ ಗೇರು. ಮೊದಲ ವರ್ಷವೇ ಆ ಬಿರುದು ಸಿಕ್ಕಿತ್ತು. ‘ಊರಿಗೊಂದು ದಾರಿ ಆದ್ರೆ ಎಡವಟ್ಟನಿಗೊಂದು ದಾರಿ’ ಎಂಬ ಗಾದೆಯನ್ನೂ ಜೊತೆಗೆ ಸೇರಿಸಿ ಕೊಡುತ್ತಿದ್ದರು.

ನಾನು ಒಮ್ಮೆ ಅತ್ತೆಯನ್ನು ಕೇಳಿದೆ, ‘ಎತ್ತಿನ ಗಾಡಿ ಇದ್ದ ಕಾಲದಲ್ಲಿ ಹಿಂದಕ್ಕೆ ಹೋಗೋಕೆ ಏನಂತಿದ್ರಿ’ ಎಂದು. ಅವರು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು.

‘ಎತ್ತು ಎಲ್ಲಿ ಹಿಂದಕ್ಕೆ ಹೋಗ್ತಾವೆ? ಗಾಡಿ ಸಿಕ್ಕಂಡ್ರೆ ಎತ್ತು ಬಿಚ್ಚೋದು, ಮೂಕಿ ಹಿಡ್ದು ನಾಕು ಜನ ತಿರುಗ್ಸೋದು. ಅಷ್ಟೇಯ’ ಎಂದರು.

ಹಿಂದಕ್ಕೆ ಓಡಿಸುವ ಕೆಲಸವೇ ಇರಲಿಲ್ಲ, ಹಾಗಾಗಿ ಅದಕ್ಕೆ ಪದವೂ ಬೇಕಾಗಿರಲಿಲ್ಲ. ಇಂಜಿನ್ನು ಬಂತು, ಅದರ ಜೊತೆಗೇ ಈ ಪದವೂ ಬಂತು. ಇಷ್ಟು ತಿಳಿದುಕೊಂಡು ನಾನು ಜಾಣೆ ಎಂದುಕೊಂಡಿದ್ದೆ. ಪದದ ನಿಜವಾದ ಅರ್ಥ ತಿಳಿದದ್ದು ಆಮೇಲೆ.

ನಮ್ಮ ಯಜಮಾನರು ತೋಟದ ಪಂಪಿನ ಮನೆಯ ಮೆಟ್ಟಿಲಲ್ಲಿ ಪಾಚಿ ತುಳಿದು ಬಿದ್ದರು. ಎಡಗಾಲಿನ ಮೂಳೆ ಮುರಿಯಿತು. ತರೀಕೆರೆಯಲ್ಲಿ ಡಾಕ್ಟರು ರಾಡು ಹಾಕಿ ಚೆನ್ನಾಗಿಯೇ ಕೂರಿಸಿದರು, ಆದರೆ ವರ್ಷ ತುಂಬುವ ತನಕ ಕ್ಲಚ್ಚು ತುಳಿಯುವ ಹಾಗಿಲ್ಲ ಎಂದು ಕಟ್ಟುನಿಟ್ಟಾಗಿ ಹೇಳಿದರು. ಮನೆಯ ಮುಂದೆ ಟ್ರ್ಯಾಕ್ಟರ್ ನಿಂತಿತ್ತು. ಹೊಲದಲ್ಲಿ ಈರುಳ್ಳಿ ಬಲಿಯುತ್ತಿತ್ತು. ಓಡಿಸುವವರು ಯಾರೂ ಇರಲಿಲ್ಲ.

ನಾನಿದ್ದೆ. ಮದುವೆಯಾದ ಹೊಸದರಲ್ಲಿ ಅಜ್ಜಂಪುರದ ನನ್ನ ತವರಿನಿಂದ ಬರುವಾಗ, ಖಾಲಿ ರಸ್ತೆಯಲ್ಲಿ, ಅವರೇ ತಮಾಷೆಗೆ ಸ್ಟೇರಿಂಗು ನನ್ನ ಕೈಗೆ ಕೊಟ್ಟಿದ್ದರು. ಆಮೇಲೂ ಆಗೊಮ್ಮೆ ಈಗೊಮ್ಮೆ ಹೊಲದಲ್ಲಿ ಓಡಿಸಿದ್ದೆ. ಆ ಕಲಿಕೆಯ ಬಲದ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿ ಕೂತೆ. ರೋಟಾವೇಟರ್ ಹೊಡೆದು ಮಣ್ಣು ಹುಡಿ ಮಾಡಿದೆ, ಗೊಬ್ಬರ ಸಾಗಿಸಿದೆ, ಕಡೂರಿನ ತನಕ ಕಾಯಿ ಲೋಡು ಹೊಡೆದೆ. ರಸ್ತೆಯಲ್ಲಿ ಬೈಕಿನವರು ತಿರುಗಿ ತಿರುಗಿ ನೋಡುತ್ತಿದ್ದರು. ನೋಡಲಿ ಬಿಡಿ, ನನಗೇನು ಕಣ್ಣು ತಗುಲುವಷ್ಟು ವಯಸ್ಸೇ. ಆ ದಿನಗಳಲ್ಲಿ ನಾನು ಎಷ್ಟು ಖುಷಿಯಾಗಿದ್ದೆ ಎಂದು ಮನೆಯಲ್ಲಿ ಹೇಳಿಕೊಳ್ಳಲಾಗುತ್ತಿರಲಿಲ್ಲ, ಗಂಡ ಕಾಲು ಮುರಿದುಕೊಂಡು ಮಲಗಿರುವಾಗ ಹೆಂಡತಿ ಖುಷಿಯಾಗಿದ್ದಾಳೆ ಅಂದರೆ ಏನು ಚೆಂದ. ಆದರೆ ಇದ್ದದ್ದು ನಿಜ. ಪೇಟೆಗೆ ಹೋಗಬೇಕಾದರೆ ಯಾರ ಮುಖವನ್ನೂ ಕಾಯಬೇಕಾಗಿರಲಿಲ್ಲ.

ಒಂದು ಕಡೆ ಮಾತ್ರ ಕಾಯಬೇಕಿತ್ತು. ನಮ್ಮ ಈರುಳ್ಳಿ ಶೆಡ್ಡು ಇರುವುದು ಮನೆಯ ಹಿಂದೆ, ಓಣಿಯ ಕೊನೆಯಲ್ಲಿ. ಓಣಿಯ ಒಂದು ಪಕ್ಕ ನೆರೆಮನೆಯವರ ಹೊಸ ಕಾಂಪೌಂಡು ಗೋಡೆ, ಇನ್ನೊಂದು ಪಕ್ಕ ಚರಂಡಿ. ಒಳಗೆ ಗಾಡಿ ತಿರುಗಿಸಲು ಜಾಗವಿಲ್ಲ. ಲೋಡು ಹಿಂದುಹಿಂದಾಗಿಯೇ ಒಳಗೆ ಹೋಗಬೇಕು. ಬರೀ ಟ್ರ್ಯಾಕ್ಟರನ್ನು ರಿವರ್ಸ್ ಹಾಕುವುದು ಮಕ್ಕಳಾಟ. ಹಿಂದೆ ಟ್ರೈಲರ್ ಇದ್ದರೆ ಲೋಕವೇ ಬೇರೆ. ಸ್ಟೇರಿಂಗು ಎಡಕ್ಕೆ ತಿರುಗಿಸಿದರೆ ಟ್ರೈಲರಿನ ಬಾಲ ಬಲಕ್ಕೆ ಹೋಗುತ್ತದೆ, ಬಲಕ್ಕೆ ತಿರುಗಿಸಿದರೆ ಎಡಕ್ಕೆ. ಸ್ವಲ್ಪ ಜಾಸ್ತಿ ಆಯಿತೋ, ಟ್ರ್ಯಾಕ್ಟರೂ ಟ್ರೈಲರೂ ಮಡಚುಗತ್ತಿಯ ಹಾಗೆ ಮಡಚಿಕೊಳ್ಳುತ್ತವೆ.

ಹಾಗಾಗಿ ನಾನು ಎಲ್ಲಿಂದ ಎಲ್ಲಿಗೆ ಓಡಿಸಿಕೊಂಡು ಬಂದರೂ ಓಣಿಯ ಬಾಯಲ್ಲಿ ನಿಲ್ಲಿಸಿ ಇಳಿಯಬೇಕು. ನೆರೆಮನೆಯ ಯಜಮಾನರನ್ನು ಕೂಗಬೇಕು. ಅವರು ಕಾಫಿ ಮುಗಿಸಿ, ಪಂಚೆ ಎತ್ತಿ ಕಟ್ಟಿ, ನಿಧಾನಕ್ಕೆ ಬಂದು, ‘ಕೊಡಮ್ಮ ಕೀಯ’ ಅನ್ನುವರು. ಹತ್ತಿ, ಒಂದೇ ಏಟಿಗೆ ಒಳಗೆ ಬಿಟ್ಟು, ಇಳಿದು, ಒಂದು ಮಾತನ್ನು ತಪ್ಪದೆ ಹೇಳುವರು: ‘ಮುಂದಕ್ಕೆ ಯಾರ್ ಬೇಕಾರೂ ಓಡಿಸ್ತಾರಮ್ಮ.’ ಕೆಟ್ಟವರಲ್ಲ ಪಾಪ. ಆದರೆ ಆ ಮಾತು ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಇದನ್ನೆಲ್ಲ ಭಾವ ನೋಡಿದರು. ನನ್ನ ಗಂಡನ ಅಣ್ಣ, ಕಡೂರಿನಲ್ಲಿ ಅಂಗಡಿ ಇಟ್ಟಿದ್ದಾರೆ. ಟ್ರ್ಯಾಕ್ಟರ್ ಅಣ್ಣತಮ್ಮ ಇಬ್ಬರಿಗೂ ಸೇರಿದ್ದು. ಒಂದು ಭಾನುವಾರ ಬಂದು ಜಗುಲಿಯ ಮೇಲೆ ಕೂತು ಅವರು ತಮ್ಮನಿಗೆ ಹೇಳಿದರು, ‘ಅರ್ಧ ಡ್ರೈವರ್ ಇಟ್ಕಂಡು ಟ್ರ್ಯಾಕ್ಟರ್ ಯಾಕಪ್ಪ? ಸಖರಾಯಪಟ್ಟಣದಲ್ಲಿ ಒಬ್ರು ಕೇಳ್ತಾವ್ರೆ. ಮುಂದಿನ ವಾರ ಕರ್ಕಂಡ್ ಬತ್ತೀನಿ. ಬಾಡಿಗೆಗೆ ಹೇಳಿದ್ರೆ ನೂರು ಟ್ರ್ಯಾಕ್ಟರ್ ಬತ್ತಾವೆ.’

ನಾನು ಬಾಗಿಲ ಹತ್ತಿರ ಕಾಫಿ ಲೋಟ ಹಿಡಿದು ನಿಂತಿದ್ದೆ. ನನ್ನ ಗಂಡ ಏನಾದರೂ ಹೇಳುತ್ತಾರೆ ಎಂದು ಕಾದೆ. ಅವರು ಕಾಲಿನ ಬ್ಯಾಂಡೇಜು ನೋಡುತ್ತಾ ಕೂತಿದ್ದರು. ಅವರು ಅಣ್ಣನ ಎದುರು ಯಾವತ್ತೂ ದನಿ ಎತ್ತಿದವರಲ್ಲ. ಭಾವ ಹೋದ ಮೇಲೆ ಕೇಳಿದೆ.

‘ನಾನು ಓಡಿಸ್ತಾ ಇದ್ದೀನಲ್ಲ, ಅದ್ನ ಹೇಳೋಕೆ ಏನಾಗಿತ್ತು?’

‘ಅಣ್ಣ ಹೇಳಿದ್ದು ಸುಳ್ಳಲ್ವಲ್ಲ ಕಣೇ. ರಿವರ್ಸ್ ಬರಲ್ಲ ನಿಂಗೆ.’

ನನಗೆ ಆ ಟ್ರ್ಯಾಕ್ಟರ್ ಬೇಕಾಗಿತ್ತು. ಬಾಡಿಗೆ ಟ್ರ್ಯಾಕ್ಟರ್ ನೂರು ಸಿಗಬಹುದು, ಅದರಲ್ಲಿ ಸ್ಟೇರಿಂಗಿನ ಹಿಂದೆ ನನಗೆ ಜಾಗ ಸಿಗುತ್ತದೆಯೇ? ಮತ್ತೆ ‘ಬರ್ತೀಯೇನಪ್ಪಾ’ ಎಂದು ಫೋನು ಹಿಡಿದುಕೊಂಡು ಯಾರ್ಯಾರನ್ನೋ ಬೇಡುತ್ತಾ ಕೂರಬೇಕು. ಅಂದು ಗಂಡನ ಜೊತೆ ಮಾತು ಬಿಟ್ಟೆ. ಊಟ ಬಡಿಸಿದೆ, ಮಾತ್ರೆ ಕೊಟ್ಟೆ, ಕಾಲಿಗೆ ದಿಂಬು ಇಟ್ಟೆ. ಮಾತು ಮಾತ್ರ ಇಲ್ಲ.

ಮಾರನೆಯ ಬೆಳಿಗ್ಗೆ ತೋಟದಾಚೆಗಿನ ಬೀಳು ಹೊಲಕ್ಕೆ ಖಾಲಿ ಟ್ರೈಲರ್ ಎಳೆದುಕೊಂಡು ಹೋದೆ. ಓಣಿಯ ಅಗಲಕ್ಕೆ ಎರಡು ಸಾಲು ತೆಂಗಿನಕಾಯಿ ಇಟ್ಟೆ. ಎಡಗಡೆಯದು ಕಾಂಪೌಂಡು, ಬಲಗಡೆಯದು ಚರಂಡಿ. ರಿವರ್ಸ್ ಹಾಕಿದೆ. ಮೊದಲ ದಿನ ಕಾಂಪೌಂಡೂ ಹೋಯಿತು, ಚರಂಡಿಯೂ ಹೋಯಿತು. ಒಡೆದ ಕಾಯಿಗಳನ್ನು ಆರಿಸಿ ಮನೆಗೆ ತಂದರೆ ಅತ್ತೆ ಹೌಹಾರಿದರು.

‘ಯಾವ ದೇವ್ರಿಗೆ ಹರಕೆ ಹೊತ್ತಿದ್ಯೇ ಇಷ್ಟೊಂದು ಈಡುಗಾಯಿ ಹಾಕಾಕೆ?’

‘ಸ್ಟೇರಿಂಗು ದೇವ್ರಿಗೆ’ ಎಂದೆ.

ಆ ವಾರವೆಲ್ಲ ನಮ್ಮ ಮನೆಯಲ್ಲಿ ಕಾಯಿಚಟ್ನಿ, ಕಾಯಿಹೋಳಿಗೆ, ಕಾಯಿಹಾಲು. ನೆಂಟರು ಯಾರಾದರೂ ಬಂದಿದ್ದರೆ ಮನೆಯಲ್ಲಿ ಏನೋ ಶುಭಕಾರ್ಯ ಎಂದುಕೊಳ್ಳುತ್ತಿದ್ದರು. ನನ್ನ ಕುತ್ತಿಗೆ ಹಿಂದಕ್ಕೆ ತಿರುಗಿ ತಿರುಗಿ ಉಳುಕಿತು, ಅಂಗೈಯಲ್ಲಿ ಬೊಬ್ಬೆ ಬಂತು. ಬಾಲ ಬಲಕ್ಕೆ ಬೇಕಾದರೆ ಸ್ಟೇರಿಂಗು ಎಡಕ್ಕೆ ಎಂದು ಬಾಯಿಪಾಠ ಮಾಡಿಕೊಂಡು ಹತ್ತಿದರೆ ಕೈ ಅದರ ಪಾಡಿಗೆ ಅದು ಬಲಕ್ಕೇ ಹೋಗುತ್ತಿತ್ತು. ಕೈಯನ್ನು ಬೈದೆ. ಟ್ರೈಲರನ್ನು ಬೈದೆ. ಅದನ್ನು ಕಂಡುಹಿಡಿದವನ ವಂಶವನ್ನೇ ಬೈದೆ.

ಆಮೇಲೆ ಒಂದು ಬೆಳಿಗ್ಗೆ ಬೈದು ಬೈದು ಸುಸ್ತಾಗಿ ಸುಮ್ಮನಾದೆ. ಬಾಯಿಪಾಠವನ್ನೂ ನಿಲ್ಲಿಸಿದೆ. ಟ್ರೈಲರಿನ ಮೂಲೆಯೊಂದನ್ನೇ ನೋಡುತ್ತಾ ಸ್ಟೇರಿಂಗನ್ನು ಇಷ್ಟೇ ಇಷ್ಟು ಅಲ್ಲಾಡಿಸಿದೆ. ಬಾಲ ಅತ್ತ ಹೊರಟಿತು. ಹೊರಟ ಕೂಡಲೇ ಸ್ಟೇರಿಂಗು ವಾಪಸ್ ಬಿಟ್ಟು ಅದರ ಹಿಂದೆಯೇ ಹೋದೆ. ಎರಡು ಸಾಲಿನಲ್ಲಿ ಒಂದು ಕಾಯಿಯೂ ಅಲುಗಲಿಲ್ಲ. ಬೀಳು ಹೊಲದಲ್ಲಿ ಒಬ್ಬಳೇ ಕೂತು ನಕ್ಕೆ. ಮತ್ತೆ ಮಾಡಿದೆ, ಮತ್ತೆ ಬಂತು. ತಪ್ಪಿದಾಗ ಜಗ್ಗಾಡದೆ ಸುಮ್ಮನೆ ಮುಂದೆ ಹೋಗಿ ನೆಟ್ಟಗೆ ಮಾಡಿಕೊಂಡು ಬರುವುದನ್ನೂ ಕಲಿತೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ ‘ತೆಂಗಿನಕಾಯಿ ಮಧ್ಯೆ ಯಾರ್ ಬೇಕಾರೂ ಹಾಕ್ತಾರೆ’ ಅನ್ನುವ ಜನ.

ಭಾನುವಾರ ಭಾವ ಸಖರಾಯಪಟ್ಟಣದವರನ್ನು ಕರೆದುಕೊಂಡು ಬರುವ ಹೊತ್ತಿಗೆ ನಾನು ಹೊಲದಲ್ಲಿದ್ದೆ. ಈರುಳ್ಳಿ ಕೊಯ್ದು ರಾಶಿ ಹಾಕಿತ್ತು, ಮೂಡಲಲ್ಲಿ ಮೋಡ ಕಟ್ಟುತ್ತಿತ್ತು. ಆಳುಗಳು ಚೀಲ ತುಂಬಿ ಏರಿಸಿದರು. ನಾನು ಲೋಡು ಹೊಡೆದುಕೊಂಡು ಊರೊಳಗೆ ಬಂದೆ. ಓಣಿಯ ಬಾಯಲ್ಲಿ ಎಲ್ಲರೂ ಇದ್ದರು. ಭಾವ, ಅವರ ಪಕ್ಕದಲ್ಲಿ ಬಿಳಿ ಅಂಗಿಯ ಗಿರಾಕಿ, ಪಂಚೆ ಎತ್ತಿ ಕಟ್ಟಿ ರೆಡಿಯಾಗಿದ್ದ ನೆರೆಮನೆಯ ಯಜಮಾನರು. ಜಗುಲಿಯ ಮೇಲೆ ಕುರ್ಚಿಯಲ್ಲಿ ನನ್ನ ಗಂಡ, ಊರುಗೋಲು ತೊಡೆಯ ಮೇಲೆ.

ನಾನು ಇಳಿಯಲಿಲ್ಲ. ಮುಂದೆ ಹೋಗಿ ಗಾಡಿ ನೇರ ಮಾಡಿಕೊಂಡು ರಿವರ್ಸ್ ಹಾಕಿದೆ.

ಇಲ್ಲಿ ನಮ್ಮ ಜನದ ಒಂದು ಚಾಳಿ ಹೇಳಬೇಕು. ನಮ್ಮ ಕಡೆ ಯಾವುದೇ ಗಾಡಿ ರಿವರ್ಸ್ ಬರುತ್ತಿದೆ ಎಂದರೆ ಕಂಡವರೆಲ್ಲ ಕೆಲಸ ಬಿಟ್ಟು ಹಿಂದೆ ಬಂದು ನಿಲ್ಲುತ್ತಾರೆ. ಕೈ ಬೀಸುತ್ತಾರೆ. ‘ಬರ್ಲಿ ಬರ್ಲಿ ಬರ್ಲಿ’ ಅನ್ನುತ್ತಾರೆ. ಲೈಸೆನ್ಸು ಬೇಡ, ಜೀವಮಾನದಲ್ಲಿ ಸೈಕಲ್ಲು ತುಳಿಯದಿದ್ದರೂ ಸರಿ, ರಿವರ್ಸ್ ಹಾಕಿಸುವ ವಿದ್ಯೆ ಎಲ್ಲರಿಗೂ ಹುಟ್ಟಿನಿಂದ ಬಂದಿರುತ್ತದೆ. ಸಾವಿನ ಮನೆಯ ಮುಂದೆ ವ್ಯಾನು ರಿವರ್ಸ್ ಬಂದರೂ ಅಳುವವರು ಅಳು ನಿಲ್ಲಿಸಿ ಒಂದು ಸಲ ಕೈ ಬೀಸದೆ ಇರಲಾರರು.

ಅಂದು ಡ್ರೈವರು ಹೆಂಗಸು ಬೇರೆ. ಅರ್ಧ ಊರೇ ಬಂತು.

‘ಬರ್ಲಿ, ಬರ್ಲಿ’ ಎಂದರು ಒಬ್ಬರು. ‘ಹೋಲ್ಡಾನ್ ಹೋಲ್ಡಾನ್’ ಎಂದರು ಇನ್ನೊಬ್ಬರು. ‘ಲೆಫ್ಟಿಗೆ ಕಟ್ ಮಾಡಮ್ಮ’ ಎಂದು ಭಾವ. ‘ನನ್ನ ಕಾಂಪೌಂಡು, ನನ್ನ ಕಾಂಪೌಂಡು’ ಎಂದು ನೆರೆಮನೆಯ ಯಜಮಾನರು. ಗಿರಾಕಿಯೂ ಸುಮ್ಮನಿರಲಾರದೆ ಎರಡು ಕೈಯೂ ಎತ್ತಿ ಏನೋ ಸನ್ನೆ ಮಾಡಿದರು. ನಾನು ಟ್ರೈಲರಿನ ಮೂಲೆ ನೋಡಲೋ, ಇವರ ಕೈಗಳನ್ನು ನೋಡಲೋ. ಎರಡನ್ನೂ ನೋಡಲು ಹೋಗಿ ಭಾವ ಹೇಳಿದ ಕಡೆಗೆ ಸ್ಟೇರಿಂಗು ತಿರುಗಿಸಿಬಿಟ್ಟೆ. ಟ್ರೈಲರು ಮಡಚಿಕೊಂಡಿತು, ಚಕ್ರ ಚರಂಡಿಯ ಅಂಚಿಗೆ ಬಂತು, ಮೇಲಿನ ಚೀಲವೊಂದು ಉರುಳಿ ಈರುಳ್ಳಿ ಓಣಿಯ ತುಂಬ ಚೆಲ್ಲಾಡಿತು.

‘ಇಳಿಯಮ್ಮ, ನಾನ್ ಹಾಕ್ತೀನಿ’ ಎಂದು ನೆರೆಮನೆಯವರು ಮಡ್‌ಗಾರ್ಡಿನ ಮೇಲೆ ಕೈ ಇಟ್ಟರು.

‘ಇಳಿ’ ಎಂದರು ಭಾವ. ಗಿರಾಕಿಯ ಕಡೆ ತಿರುಗಿ, ‘ಅದ್ಕೇ ಹೇಳಿದ್ದು ನಿಮ್ಗೆ. ಮನೇಲಿ ಓಡ್ಸೋರಿಲ್ಲ’ ಎಂದರು.

ನಾನು ಜಗುಲಿಯ ಕಡೆ ನೋಡಿದೆ. ನನ್ನ ಗಂಡ ನನ್ನನ್ನೇ ನೋಡುತ್ತಿದ್ದರು. ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು, ಎರಡರಲ್ಲಿ ಸಿಟ್ಟೇ ದೊಡ್ಡದಾಗಿತ್ತು. ಇಂಜಿನ್ ಆಫ್ ಮಾಡಿದೆ. ಸದ್ದು ನಿಂತ ಕೂಡಲೇ ಎಲ್ಲರೂ ನನ್ನ ಮುಖ ನೋಡಿದರು, ಇಳಿಯುತ್ತಾಳೆ ಎಂದುಕೊಂಡು. ನಾನು ಸೀಟಿನ ಮೇಲೆ ಎದ್ದು ನಿಂತೆ.

‘ಯಾರೂ ಹಿಂದ್ಗಡೆ ಇರ್ಬಾರ್ದು. ಎಲ್ಲಾರೂ ಮುಂದಕ್ಕೆ ಬನ್ನಿ’ ಎಂದೆ. ‘ಹತ್ತು ಜನ ಸೇರಿದ ಕಡೆ ಹಾವು ಸಾಯಲ್ಲ ಅಂತಾರಲ್ಲ, ಅಂಗಾಗೈತೆ ನಂದು. ಕೈ ಬೀಸೋರು ಮನೇಗ್ ಹೋಗಿ ಸೊಳ್ಳೆ ಓಡ್ಸಿ. ಭಾವ, ನೀವೂವೆ. ನೀವು ಲೆಫ್ಟ್ ಅಂದಿದ್ದು ಕೇಳೇ ಇಲ್ಲಿಗೆ ಬಂತು ಚಕ್ರ.’

ಭಾವನಿಗೆ ನಾನು ಅವತ್ತಿನ ತನಕ ಎದುರು ನಿಂತು ಮಾತಾಡಿದ್ದಿಲ್ಲ. ಅವರು ಏನೋ ಹೇಳಹೊರಟರು. ಅಷ್ಟರಲ್ಲಿ ಅತ್ತೆ ಜಗುಲಿಯ ಬಾಗಿಲಿನಿಂದ, ‘ಏ, ಬಾರೋ ಈ ಕಡೆ, ಅವ್ಳು ಹೇಳ್ತಾವ್ಳಲ್ಲ’ ಎಂದು ದೊಡ್ಡ ಮಗನನ್ನು ಗದರಿದರು. ಭಾವ ಮುಂದಕ್ಕೆ ಬಂದರು. ಅವರು ಬಂದ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ಬಂದರು. ನೆರೆಮನೆಯ ಯಜಮಾನರು ಕೊನೆಯಲ್ಲಿ, ಗೋಡೆಯನ್ನು ಒಮ್ಮೆ ಕೈಯಿಂದ ಸವರಿ, ಬಂದರು.

ಹಿಂದೆ ಓಣಿ ಖಾಲಿಯಾಯಿತು. ಸ್ಟಾರ್ಟ್ ಮಾಡಿದೆ. ಅವಸರ ಮಾಡದೆ ಮುಂದೆ ಹೋದೆ, ಟ್ರೈಲರು ನೆಟ್ಟಗಾಯಿತು. ಮತ್ತೆ ರಿವರ್ಸ್. ಈಗ ನನಗೆ ಕಾಣುತ್ತಿದ್ದದ್ದು ಟ್ರೈಲರಿನ ಮೂಲೆ ಮತ್ತು ಗೋಡೆ, ಅಷ್ಟೇ. ಸ್ಟೇರಿಂಗು ಒಂದು ಚೂರು ಎಡಕ್ಕೆ, ಬಾಲ ಒಂದು ಚೂರು ಬಲಕ್ಕೆ. ಬಿಟ್ಟೆ, ಹಿಂದೆ ಹೋದೆ. ಮತ್ತೊಂದು ಚೂರು. ಗೋಡೆಗೂ ಟ್ರೈಲರಿಗೂ ನಡುವೆ ಒಂದು ಕೈ ತೂರುವಷ್ಟು ಜಾಗ ಉಳಿದು ಅದು ಹಾಗೆಯೇ ಕೊನೆಯ ತನಕ ಬಂತು. ಯಾರೂ ಬರ್ಲಿ ಅನ್ನಲಿಲ್ಲ. ನಮ್ಮ ಊರಿನಲ್ಲಿ ಒಂದು ಗಾಡಿ ಸದ್ದಿಲ್ಲದೆ ರಿವರ್ಸ್ ಬಂದದ್ದು ಬಹುಶಃ ಅದೇ ಮೊದಲು. ಟ್ರೈಲರಿನ ಬಾಲ ಶೆಡ್ಡಿನ ಹಲಗೆಗೆ ಮೆಲ್ಲಗೆ ತಾಗಿತು. ಬ್ರೇಕು ತುಳಿದು, ನ್ಯೂಟ್ರಲ್ ಮಾಡಿ, ಕೀ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಇಳಿದು, ಓಣಿಯಲ್ಲಿ ಚೆಲ್ಲಿದ್ದ ಈರುಳ್ಳಿ ಆರಿಸತೊಡಗಿದೆ. ಆಳುಗಳು ಚೀಲ ಇಳಿಸಲು ಓಡಿಬಂದರು. ನೆರೆಮನೆಯ ಯಜಮಾನರು ಗೋಡೆ ಪರೀಕ್ಷೆ ಮಾಡಿ, ಸುಣ್ಣವೂ ಉದುರಿಲ್ಲ ಎಂದು ಖಾತ್ರಿ ಮಾಡಿಕೊಂಡು, ‘ನಾನೂ ಇಷ್ಟು ನೀಟಾಗಿ ಹಾಕಿಲ್ಲ ಬಿಡಮ್ಮ’ ಎಂದರು. ಆ ಮಾತನ್ನು ನಾನು ಬೇಡ ಅನ್ನಲಿಲ್ಲ. ಎದ್ದು ನಿಂತು ಸ್ವೀಕರಿಸಿದೆ ಎಂದೇ ಹೇಳಬೇಕು.

ಗಿರಾಕಿ ಓಣಿಯೊಳಗೆ ಬಂದು ಟ್ರ್ಯಾಕ್ಟರಿನ ಸುತ್ತ ಒಂದು ಸುತ್ತು ಹಾಕಿದರು. ಟೈರು ಒತ್ತಿ ನೋಡಿದರು. ‘ಗಾಡಿ ಕಂಡೀಷನ್ ಚೆನ್ನಾಗೈತೆ. ಮಾತಾಡಣ ಅಲ್ವಾ?’ ಎಂದು ಭಾವನ ಮುಖ ನೋಡಿದರು. ಭಾವ ನನ್ನ ಮುಖ ನೋಡಲಿಲ್ಲ. ಕೊಟ್ಟ ಮಾತು, ಕರೆದುಕೊಂಡು ಬಂದ ಜನ, ಅವರಿಗೂ ಸಂಕಟವೇ. ‘ಬನ್ನಿ, ಕೂತ್ಕಂಡು ಮಾತಾಡಣ’ ಎಂದು ಜಗುಲಿಯ ಕಡೆ ಹೆಜ್ಜೆ ಹಾಕಿದರು. ನಾನೂ ಅವರ ಹಿಂದೆಯೇ ಓಣಿಯಿಂದ ಹೊರಗೆ ಬಂದೆ. ಇಷ್ಟೆಲ್ಲ ಮಾಡಿಯೂ ಮಾರಿಯೇಬಿಡುತ್ತಾರೆಯೇ?

ಆಗ ಜಗುಲಿಯ ಮೇಲೆ ಊರುಗೋಲು ನೆಲಕ್ಕೆ ತಾಗಿದ ಸದ್ದಾಯಿತು. ನನ್ನ ಗಂಡ ಎದ್ದು ನಿಂತಿದ್ದರು. ಯಾರ ಆಸರೆಯೂ ಇಲ್ಲದೆ ಅವರು ಎದ್ದದ್ದನ್ನು ನಾನು ಅಂದೇ ಮೊದಲು ನೋಡಿದ್ದು.

‘ಅಣ್ಣ’ ಎಂದರು. ಗಿರಾಕಿಯ ಕಡೆ ತಿರುಗಿದರು. ‘ಬೇಜಾರ್ ಮಾಡ್ಕಬ್ಯಾಡ್ರಿ. ಕಾಫಿ ಕುಡ್ಕಂಡ್ ಹೋಗಿ. ಟ್ರ್ಯಾಕ್ಟರ್ ಕೊಡಲ್ಲ. ನಮ್ಮನೇಲಿ ಡ್ರೈವರ್ ಅವ್ರೆ.’